ಹತ್ತಿಯಂತೆ ನೂಲು, ನೂಲಿನಂತೆ ಬನೀನು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹತ್ತಿ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿಮ್ಮ ಸಂಘ ಇಪ್ಪತ್ತೈದು ವರ್ಷ ತುಂಬಿಸಿ ಇಪ್ಪತ್ತಾರಕ್ಕೆ ಕಾಲಿಟ್ಟಿದೆ. ಸಹಕಾರ ಎಂಬುದು ನಮ್ಮ ಸೀಮೆಗೆ ಹೊರಗಿನಿಂದ ಬಂದ ಮಾತಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದರು. ಅದೇ ಸೀಮೆ ಹತ್ತಿಯ ಸೀಮೆಯೂ ಹೌದು. ಸಹಕಾರ ಮತ್ತು ಹತ್ತಿ ಎರಡೂ ಈ ಎರೆಮಣ್ಣಿನಲ್ಲಿ ಕೂಡಿಯೇ ಬೆಳೆದಿವೆ. ಹಾಗಾಗಿ ಇವತ್ತು ಎರಡನ್ನೂ ಕೂಡಿಸಿಯೇ ಮಾತಾಡುತ್ತೇನೆ.

ನಾನು ಬಹಳ ವರ್ಷ ನೂಲಿನ ಗಿರಣಿಯ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದವನು. ಹೆಣಿಗೆ ಬಟ್ಟೆಗೆ, ಅಂದರೆ ಬನೀನು, ಟೀ ಶರ್ಟು, ಕಾಲುಚೀಲ, ಮಕ್ಕಳ ಅಂಗಿ ಇವುಗಳಿಗೆ ಬೇಕಾಗುವ ನೂಲಿನ ಗುಣಮಟ್ಟ ಹೆಚ್ಚಿಸುವುದು ಹೇಗೆ ಎಂಬುದೇ ನನ್ನ ವಿಷಯ. "ನಾವು ಹತ್ತಿ ಬೆಳೆಯೋರು, ನಮಗ್ಯಾಕ್ರಿ ಗಿರಣಿ ಉಸಾಬರಿ?" ಎಂದು ನಿಮಗೆ ಅನಿಸಬಹುದು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ಹಿರಿಯರು ಹೇಳಿದ್ದಾರೆ. ಅದಕ್ಕೆ ನಾನು ಒಂದು ತುಂಡು ಸೇರಿಸುತ್ತೇನೆ: ಹತ್ತಿಯಂತೆ ನೂಲು. ನೂಲಿನ ಅರ್ಧ ಹಣೆಬರಹ ಗಿರಣಿಯ ಬಾಗಿಲಿಗೆ ಬರುವ ಮೊದಲೇ, ನಿಮ್ಮ ಹೊಲದಲ್ಲಿ, ನಿಮ್ಮ ಪಡಸಾಲೆಯಲ್ಲಿ ಬರೆದು ಮುಗಿದಿರುತ್ತದೆ. ಅದು ಹೇಗೆ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ನೇಯ್ದ ಬಟ್ಟೆ, ಹೆಣೆದ ಬಟ್ಟೆ

ನೇಯ್ದ ಬಟ್ಟೆ ನಿಮಗೆ ಗೊತ್ತೇ ಇದೆ. ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲಿಗೆ ಗಂಜಿ ಹಚ್ಚುತ್ತಾರೆ. ಗಂಜಿ ಹಚ್ಚಿದರೆ ನೂಲಿಗೆ ಬಲ ಬರುತ್ತದೆ, ಮೇಲಿನ ಜುಂಜು ಮಲಗುತ್ತದೆ. ಸ್ವಲ್ಪ ಕೊರತೆ ಇದ್ದ ನೂಲೂ ಪಾರಾಗುತ್ತದೆ.

ಹೆಣಿಗೆಯಲ್ಲಿ ಆ ರಿಯಾಯಿತಿ ಇಲ್ಲ. ಅಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ನಮ್ಮ ಹೆಣ್ಣುಮಕ್ಕಳು ಕಡ್ಡಿ ಹಿಡಿದು ಸ್ವೆಟರ್ ಹೆಣೆದ ಹಾಗೆ, ಕುಣಿಕೆಯಲ್ಲಿ ಕುಣಿಕೆ ಸಿಕ್ಕಿಸುತ್ತಾ ಹೋಗುವುದು. ಯಂತ್ರದಲ್ಲಿ ಈ ಕೆಲಸವನ್ನು ಸೂಜಿಗಳು ಮಾಡುತ್ತವೆ. 30 ಇಂಚು ಅಗಲದ ಒಂದು ದುಂಡು ಹೆಣಿಗೆ ಯಂತ್ರದಲ್ಲಿ, ಇಂಚಿಗೆ 24 ಸೂಜಿಯಂತೆ, ಎರಡು ಸಾವಿರಕ್ಕೂ ಹೆಚ್ಚು ಸೂಜಿಗಳು ಇರುತ್ತವೆ. ಸುಮಾರು 90 ಕೋನುಗಳಿಂದ ಒಂದೇ ಹೊತ್ತಿಗೆ ನೂಲು ಒಳಗೆ ಹೋಗುತ್ತದೆ. ಗಂಜಿ ಇಲ್ಲ, ಜೋಡಿ ಎಳೆಯ ಆಸರೆ ಇಲ್ಲ. ಒಂಟಿ ನೂಲು ಸೂಜಿಯ ಕೊಕ್ಕೆಯಲ್ಲಿ ಗಕ್ಕನೆ ಬಾಗಿ ಕುಣಿಕೆಯಾಗಬೇಕು. ಆ 90 ನೂಲಿನಲ್ಲಿ ಒಂದು ಕಡಿದರೂ ಬಟ್ಟೆಯಲ್ಲಿ ತೂತು. ಒಂದು ಕುಣಿಕೆ ಕಳಚಿದರೆ ಏನಾಗುತ್ತದೆ ಎಂಬುದು ಸ್ವೆಟರ್ ಹೆಣೆದ ತಾಯಂದಿರಿಗೆ ಗೊತ್ತು. ಏಣಿಯ ಹಾಗೆ ಬಿಚ್ಚಿಕೊಂಡು ಇಳಿಯುತ್ತದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ನೂಲಿನ ತೆಳುವನ್ನು ನಂಬರಿನಲ್ಲಿ ಹೇಳುವುದು ವಾಡಿಕೆ. 840 ಗಜದ ಒಂದು ಲಡಿ ಅಂತ ಹಿಡಿದರೆ, ಒಂದು ಪೌಂಡಿಗೆ ಎಷ್ಟು ಲಡಿ ಆಗುತ್ತದೋ ಅದೇ ಆ ನೂಲಿನ ನಂಬರು. ನಂಬರು ಹೆಚ್ಚಿದಷ್ಟೂ ನೂಲು ತೆಳು. ಬನೀನು, ಟೀ ಶರ್ಟಿಗೆ ಬಹಳವಾಗಿ ಬಳಸುವುದು 30ನೇ ನಂಬರಿನ ಆಸುಪಾಸಿನ ನೂಲು. ಒಂದು ಕಿಲೋ 30ನೇ ನಂಬರಿನ ನೂಲನ್ನು ಬಿಚ್ಚಿ ಹಾಸಿದರೆ ಸುಮಾರು 50 ಕಿಲೋಮೀಟರ್ ಆಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬಂದು ಮತ್ತೆ ಅರ್ಧ ದಾರಿ ನಡೆದಷ್ಟು! 150 ಗ್ರಾಮ್ ತೂಕದ ಒಂದು ಟೀ ಶರ್ಟಿನಲ್ಲಿ ಏಳೂವರೆ ಕಿಲೋಮೀಟರ್ ನೂಲಿದೆ. ಅಷ್ಟುದ್ದದ ದಾರಿಯಲ್ಲಿ ಎಲ್ಲೋ ಒಂದು ಕಡೆ ಬಿಳಿ ಪ್ಲಾಸ್ಟಿಕ್ ಎಳೆ ಸೇರಿಕೊಂಡರೆ ಸಾಕು, ಆ ಅಂಗಿ ಎರಡನೇ ದರ್ಜೆ.

ಒಳ್ಳೆಯ ಹೆಣಿಗೆ ನೂಲಿನ ಲಕ್ಷಣ

ಇಂಥ ನೂಲಿಗೆ ಐದು ಗುಣ ಇರಬೇಕು. ಸಮನಾಗಿರಬೇಕು, ಮೆತ್ತಗಿರಬೇಕು, ಜಾರುವಂತಿರಬೇಕು, ಬಣ್ಣ ಒಂದೇ ಸಮ ಹಿಡಿಯಬೇಕು, ಸ್ವಚ್ಛವಾಗಿರಬೇಕು.

ಮೊದಲನೆಯದು ಸಮ. 30ನೇ ನಂಬರಿನ ನೂಲನ್ನು ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ಸುಮಾರು 120ರಿಂದ 130 ಹತ್ತಿ ಎಳೆಗಳು ಕಾಣುತ್ತವೆ. ಒಂದು ಕಡೆ 130, ಇನ್ನೊಂದು ಕಡೆ 80 ಆದರೆ ನೂಲು ದಪ್ಪ-ತೆಳು ಆಗುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಮೋಡ ಕಟ್ಟಿದಂತೆ ಕಾಣುತ್ತದೆ. ಇದನ್ನು ಅಳೆಯುವ ಉಪಕರಣವನ್ನು ಸ್ವಿಟ್ಜರ್ಲೆಂಡಿನ ಊಸ್ಟರ್ ಎಂಬ ಊರಿನ ಕಂಪನಿ 1948ರಲ್ಲಿ ಹೊರತಂದಿತು. ಅಂದಿನಿಂದ ಲೋಕದ ಗಿರಣಿಗಳಲ್ಲೆಲ್ಲ ಆ ಊರಿನ ಹೆಸರೇ ಅಳತೆಯ ಹೆಸರಾಗಿದೆ. ಒಂದು ಕಿಲೋಮೀಟರ್ ನೂಲಿನಲ್ಲಿ ತೆಳುವಾದ ಜಾಗ ಎಷ್ಟು, ದಪ್ಪವಾದ ಜಾಗ ಎಷ್ಟು, ಸಣ್ಣ ಗಂಟು ಎಷ್ಟು ಎಂದು ಅದು ಎಣಿಸಿ ಹೇಳುತ್ತದೆ. ಈ ಸಣ್ಣ ಗಂಟಿಗೆ ಗಿರಣಿಯವರು ನೆಪ್ ಅಂತಾರೆ. ಈ ಮಾತು ನೆನಪಿಡಿ, ಮುಂದೆ ಬರುತ್ತದೆ.

ಎರಡನೆಯದು ಮೆತ್ತಗಿನ ಗುಣ. ನೂಲಿಗೆ ಬಲ ಬರುವುದು ಹುರಿಯಿಂದ. ಹಗ್ಗ ಹೊಸೆದವರಿಗೆ ಇದು ಹೇಳಿಕೊಡಬೇಕಿಲ್ಲ. ಹುರಿ ಹೆಚ್ಚಿದರೆ ಹಗ್ಗ ಬಿರುಸು, ಕಡಿಮೆಯಾದರೆ ಜಾಳು. ಮಗ್ಗದ ಹಾಸಿಗೆ ಹೋಗುವ 30ನೇ ನಂಬರಿನ ನೂಲಿಗೆ ಇಂಚಿಗೆ 23ರ ಸುಮಾರು ಸುತ್ತು ಹುರಿ ಕೊಡುತ್ತಾರೆ. ಹೆಣಿಗೆಯ ನೂಲಿಗೆ 19-20 ಸುತ್ತು ಸಾಕು. ಜಾಸ್ತಿ ಹುರಿ ಕೊಟ್ಟರೆ ಬಟ್ಟೆ ಒರಟಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ. ನೀವೇ ನೋಡಿರುತ್ತೀರಿ: ಸಂತೆಯಲ್ಲಿ ತಂದ ಅಗ್ಗದ ಬನೀನು ನಾಲ್ಕು ಸಲ ಒಗೆದ ಮೇಲೆ ಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬಂದು ಕೂತಿರುತ್ತದೆ. ಹೊಲಿದವನ ತಪ್ಪು ಅಂತ ಬೈಯುತ್ತೇವೆ. ಬಹಳ ಸಲ ಅದು ಹೊಲಿದವನ ತಪ್ಪಲ್ಲ, ನೂಲಿನ ಹುರಿಯ ತಪ್ಪು. ಹೆಚ್ಚು ಹುರಿ ತಿಂದ ನೂಲು ನೀರು ಬಿದ್ದ ಕೂಡಲೆ ಬಿಚ್ಚಿಕೊಳ್ಳಲು ಹವಣಿಸುತ್ತದೆ, ಕುಣಿಕೆಗಳನ್ನೆಲ್ಲ ಒಂದು ಕಡೆಗೆ ವಾಲಿಸುತ್ತದೆ.

ಹಾಗಾದರೆ ಎಲ್ಲ ಗಿರಣಿಯವರೂ ಹುರಿ ಕಡಿಮೆ ಮಾಡಬಾರದೇಕೆ? ಇಲ್ಲೇ ರೈತರ ಸಂಬಂಧ ಬರುತ್ತದೆ. ಹುರಿ ಕಡಿಮೆ ಮಾಡಬೇಕಾದರೆ ಎಳೆ ಉದ್ದವಾಗಿ, ಗಟ್ಟಿಯಾಗಿ, ತುಂಡಿಲ್ಲದೆ ಇರಬೇಕು. ಉದ್ದ ಎಳೆಗಳು ಒಂದನ್ನೊಂದು ತಬ್ಬಿ ಹಿಡಿಯುತ್ತವೆ. ತುಂಡು ಎಳೆಗಳು ಹಿಡಿಯಲಾರವು. ಆಗ ಗಿರಣಿಯವನು ಬೇರೆ ದಾರಿಯಿಲ್ಲದೆ ಹುರಿ ಏರಿಸುತ್ತಾನೆ. ಅಂದರೆ ಬನೀನಿನ ಹೊಲಿಗೆ ತಿರುಗಿದ್ದರ ಬೇರು ತುಂಡಾದ ಹತ್ತಿ ಎಳೆಯಲ್ಲಿ ಇರಬಹುದು.

ಮೂರನೆಯದು ಜಾರುವ ಗುಣ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ಹಾಗೆ, ಹೆಣಿಗೆ ನೂಲನ್ನು ಕೋನಿಗೆ ಸುತ್ತುವಾಗ ಮೇಣದ ಬಿಲ್ಲೆಯ ಮೇಲೆ ಸವರಿಕೊಂಡು ಹೋಗುವಂತೆ ಮಾಡುತ್ತಾರೆ. ಸರಿಯಾಗಿ ಮೇಣ ತಾಗಿದರೆ ಉಜ್ಜಾಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇಣ ಅತಿಯಾದರೂ ಕೆಡುಕೇ. ಅದು ಸೂಜಿಗೆ ಮೆತ್ತಿಕೊಂಡು ಮತ್ತೆ ಉಜ್ಜಾಟ ಹೆಚ್ಚಿಸುತ್ತದೆ. ಇದು ಪೂರ್ತಿ ಗಿರಣಿಯ ಕೈಯಲ್ಲಿರುವ ಕೆಲಸ.

ನಾಲ್ಕನೆಯ ಮತ್ತು ಐದನೆಯ ಗುಣಗಳಿಗೆ, ಅಂದರೆ ಬಣ್ಣ ಮತ್ತು ಸ್ವಚ್ಛತೆಗೆ, ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.

ಗಿರಣಿ ಮಾಡಬೇಕಾದ ಕೆಲಸ

ಗಿರಣಿಯವರೂ ಕೈಕಟ್ಟಿ ಕೂತಿಲ್ಲ. ಬೇಲುಗಳನ್ನು ಬಿಚ್ಚಿ, ಬಡಿದು, ಕಸ ತೆಗೆದು, ಕಾರ್ಡಿಂಗ್ ಯಂತ್ರದಲ್ಲಿ ಎಳೆ ಎಳೆ ಬಿಡಿಸುತ್ತಾರೆ. ಒಳ್ಳೆಯ ಹೆಣಿಗೆ ನೂಲು ಬೇಕಾದರೆ ಅದರ ಮೇಲೆ ಬಾಚುವ ಯಂತ್ರಕ್ಕೂ ಕೊಡುತ್ತಾರೆ. ತಲೆ ಬಾಚಿದಾಗ ಉದುರುಕೂದಲು ಹಣಿಗೆಗೆ ಬರುವಂತೆ, ತುಂಡು ಎಳೆ ಮತ್ತು ನೆಪ್ಪು ಬೇರೆಯಾಗುತ್ತವೆ. ಹೀಗೆ ಬಾಚುವಾಗ ನೂರಕ್ಕೆ 15ರಿಂದ 20 ಕಿಲೋ ಹೊರಗೆ ಬೀಳುತ್ತದೆ. ಹತ್ತಿಯಲ್ಲಿ ತುಂಡು ಎಳೆ ಹೆಚ್ಚಿದ್ದಷ್ಟೂ ಈ ನಷ್ಟ ಹೆಚ್ಚು. ನಿಮ್ಮ ಹತ್ತಿಗೆ ದರ ಕಟ್ಟುವಾಗ ಗಿರಣಿಯವನು ಈ ಲೆಕ್ಕವನ್ನು ಮೊದಲೇ ಮನಸ್ಸಿನಲ್ಲಿ ಹಾಕಿರುತ್ತಾನೆ.

ಕಡಿದ ನೂಲನ್ನು ಮೊದಲು ಗಂಟು ಹಾಕಿ ಜೋಡಿಸುತ್ತಿದ್ದರು. ಹೆಣಿಗೆ ಯಂತ್ರದ ಸೂಜಿಯಲ್ಲಿ ಆ ಗಂಟು ಸಿಕ್ಕಿಬಿದ್ದು ತೂತಾಗುತ್ತಿತ್ತು. ಆಮೇಲೆ ಗಾಳಿಯ ರಭಸದಿಂದ ಎರಡು ತುದಿಯ ಎಳೆಗಳನ್ನು ಬೆರೆಸಿ ಗಂಟಿಲ್ಲದೆ ಜೋಡಿಸುವ ಉಪಕರಣ ಬಂತು. ನೂಲಿನ ಜುಂಜು ಕಡಿಮೆ ಮಾಡುವ ಕಾಂಪ್ಯಾಕ್ಟ್ ವಿಧಾನ 1990ರ ದಶಕದ ಕೊನೆಗೆ ಬಂತು. ಯಂತ್ರಶಾಲೆಯ ತೇವ, ರೋಲರುಗಳ ರಬ್ಬರು, ಕದಿರಿನ ವೇಗ ಎಲ್ಲಕ್ಕೂ ಲೆಕ್ಕ ಇಟ್ಟು ನೋಡಿಕೊಳ್ಳುವ ಗಿರಣಿಯ ನೂಲು ತಾನೇ ಹೇಳುತ್ತದೆ. ಆದರೆ ಎಂಥ ಯಂತ್ರ ತಂದರೂ ಮೂರು ಕೆಲಸ ಆಗುವುದಿಲ್ಲ. ತುಂಡಾದ ಎಳೆಯನ್ನು ಯಂತ್ರ ಉದ್ದ ಮಾಡಲಾರದು. ಬಲಿಯದ ಎಳೆಯನ್ನು ಬಲಿಸಲಾರದು. ಹತ್ತಿಯಲ್ಲಿ ಸೇರಿದ ಪ್ಲಾಸ್ಟಿಕ್ಕನ್ನು ಪೂರ್ತಿ ಹುಡುಕಿ ತೆಗೆಯಲಾರದು. ಈ ಮೂರೂ ನಿಮ್ಮ ಕೈಯಲ್ಲಿವೆ.

ಎಲೆಚೂರಿನಿಂದ ನೆಪ್ಪಿನ ತನಕ

ಹತ್ತಿ ಬಿಡಿಸುವಾಗ ಒಣ ಎಲೆ, ಕಾಯಿಯ ಸಿಪ್ಪೆ ಸೇರಿಬಂದರೆ, "ಹೋಗ್ಲಿ ಬಿಡ್ರಿ, ತೂಕನ ಬಂತಲ್ಲ" ಅನ್ನುವವರುಂಟು. ಆ ಎಲೆ ಜಿನ್ನಿನಲ್ಲಿ ಸಿಕ್ಕು ನುಚ್ಚಾಗುತ್ತದೆ. ನುಚ್ಚಾದ ಎಲೆಚೂರು ಅರಳೆಗೆ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಗಿರಣಿಯಲ್ಲಿ ಹತ್ತಿಯನ್ನು ಹೆಚ್ಚು ಬಡಿಯಬೇಕು. ಹೆಚ್ಚು ಬಡಿದರೆ ಎಳೆ ತುಂಡಾಗುತ್ತದೆ, ಸುತ್ತಿಕೊಂಡು ನೆಪ್ ಆಗುತ್ತದೆ. ತುಂಡು ಎಳೆಯಿಂದ ನೂಲಿಗೆ ಜುಂಜು, ಬಲಹೀನತೆ. ಬಲ ತರಲು ಹುರಿ. ಹುರಿಯಿಂದ ಬನೀನು ತಿರುಚು. ನೋಡ್ರಿ, ಹೊಲದ ಒಂದು ಒಣ ಎಲೆ ಎಲ್ಲಿಗೆ ಹೋಗಿ ಮುಟ್ಟಿತು!

ಇದಕ್ಕೆ ಮದ್ದು ಸುಲಭ. ಇಬ್ಬನಿ ಆರಿದ ಮೇಲೆ ಬಿಡಿಸಬೇಕು. ಗಿಡದ ಕೆಳಗಿನ ಕಾಯಿಯಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಕೈ ತಾಗಿ ಉದುರುವ ಎಲೆಚೂರು ಕೆಳಗೆ ಅರಳಿ ನಿಂತ ಹತ್ತಿಯ ಮೇಲೆ ಬೀಳುತ್ತದೆ. ಪೂರ್ತಿ ಅರಳಿದ ಕಾಯಿಯನ್ನಷ್ಟೇ ಬಿಡಿಸಬೇಕು. ಅರ್ಧ ಅರಳಿದ್ದನ್ನು ಕಿತ್ತರೆ ಅದರಲ್ಲಿ ಬಲಿಯದ ಎಳೆ ಇರುತ್ತದೆ. ಬಲಿಯದ ಎಳೆ ಬಣ್ಣ ಹಿಡಿಯುವುದಿಲ್ಲ. ಗಾಢ ಬಣ್ಣ ಹಾಕಿದ ಬಟ್ಟೆಯಲ್ಲಿ ಅದು ಬಿಳಿ ಚುಕ್ಕಿಯಾಗಿ ಎದ್ದು ಕಾಣುತ್ತದೆ.

ಗುಲಾಬಿ ಕಾಯಿಕೊರಕ ತಿಂದ ಕಾಯಿಯ ಹತ್ತಿಯೂ ಹಾಗೆಯೇ. ಕಲೆ ಬಿದ್ದು, ಎಳೆ ಬಲಿಯದೆ ಕೆಟ್ಟಿರುತ್ತದೆ. ಬಿಳಿನೊಣ, ಹೇನು ಬಿದ್ದ ಗಿಡದ ಹತ್ತಿಗೆ ಅವು ಸುರಿಸಿದ ಸಿಹಿ ಅಂಟು ಹತ್ತಿರುತ್ತದೆ. ಗಿರಣಿಯಲ್ಲಿ ಅದು ರೋಲರಿಗೆ ಸುತ್ತಿಕೊಂಡು ಕೆಲಸ ನಿಲ್ಲಿಸುತ್ತದೆ. ಕಲೆ ಬಿದ್ದ ಹತ್ತಿ, ಅಂಟು ಹತ್ತಿ ಇವೆರಡನ್ನೂ ಬೇರೆ ಚೀಲದಲ್ಲಿ ಹಾಕಿರಿ. ಎಸೆಯಿರಿ ಅಂತ ಹೇಳುತ್ತಿಲ್ಲ, ಬೇರೆ ಇಡಿರಿ ಅಂತ ಹೇಳುತ್ತಿದ್ದೇನೆ. ಅವಕ್ಕೂ ಅವುಗಳದೇ ದರ ಇದೆ. ಆದರೆ ಒಂದು ಹನಿ ಹುಳಿ ಕೊಡ ಹಾಲು ಕೆಡಿಸುವಂತೆ, ಬುಟ್ಟಿ ಕೆಟ್ಟ ಹತ್ತಿ ಬಂಡಿ ಒಳ್ಳೆಯ ಹತ್ತಿಯ ದರ ಇಳಿಸುತ್ತದೆ.

ಇಲ್ಲಿ ಒಂದು ನ್ಯಾಯದ ಮಾತು. ಹತ್ತಿ ಬಿಡಿಸುವ ತಾಯಂದಿರಿಗೆ ನಾವು ಕೂಲಿ ಕೊಡುವುದು ಕಿಲೋ ಲೆಕ್ಕದಲ್ಲಿ. ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟು ಸ್ವಚ್ಛವಾಗಿ ಬಿಡಿಸು ಅಂದರೆ ಹೇಗಾದೀತು? ಎಲೆ ತೆಗೆಯುತ್ತ ನಿಂತವಳಿಗೆ ಆ ದಿನದ ದುಡಿಮೆ ಕಡಿಮೆ ಬೀಳುತ್ತದೆ. ಸ್ವಚ್ಛ ಹತ್ತಿ ಬಿಡಿಸಿದವರಿಗೆ ಕಿಲೋಗೆ ಸ್ವಲ್ಪ ಹೆಚ್ಚು ಕೊಡದೆ ಸ್ವಚ್ಛ ಹತ್ತಿ ಬರುವುದಿಲ್ಲ. ನೂಲಿನ ಗುಣಮಟ್ಟದ ಮೊದಲ ಕೆಲಸಗಾರ್ತಿ ಅವಳೇ.

ಗೊಬ್ಬರದ ಚೀಲ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೇಳಿದರೆ ಬೇಸರ ಮಾಡಿಕೊಳ್ಳಬಾರದು. ಹತ್ತಿಯಲ್ಲಿ ಸೇರುವ ಪರಕೀಯ ವಸ್ತುಗಳ ಬಗ್ಗೆ ಅಂತರರಾಷ್ಟ್ರೀಯ ಜವಳಿ ಉತ್ಪಾದಕರ ಒಕ್ಕೂಟದವರು ಲೋಕದ ಗಿರಣಿಗಳನ್ನು ಕೇಳಿ ಸಮೀಕ್ಷೆ ಮಾಡುತ್ತ ಬಂದಿದ್ದಾರೆ. ಆ ಸಮೀಕ್ಷೆಗಳಲ್ಲಿ ಭಾರತದ ಹಲವು ಹತ್ತಿಗಳ ಹೆಸರು ಹೆಚ್ಚು ಕಸವಿರುವ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದಿದೆ. ನಮ್ಮ ಹತ್ತಿಯ ಎಳೆ ಕೆಟ್ಟದ್ದಲ್ಲ. ಕೈಯಿಂದ ಬಿಡಿಸಿದ ಹತ್ತಿ ಯಂತ್ರದಿಂದ ಕಿತ್ತ ಹತ್ತಿಗಿಂತ ಸ್ವಚ್ಛವಾಗಿರಬೇಕಿತ್ತು. ಆದರೆ ಪ್ಲಾಸ್ಟಿಕ್ ಎಳೆ, ಗೋಣಿಯ ನಾರು, ತಲೆಗೂದಲು, ಬಣ್ಣದ ಬಟ್ಟೆಯ ಚೂರು, ಗುಟ್ಕಾ ಚೀಟಿ ಅದರ ಹೆಸರು ಕೆಡಿಸಿವೆ.

ಇವುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಗೊಬ್ಬರದ ಚೀಲದ ಬಿಳಿ ಪ್ಲಾಸ್ಟಿಕ್ ಎಳೆ. ಚೀಲ ಬಿಸಿಲಿಗೆ ಒಣಗಿ ಜಿಬುರಾಗಿರುತ್ತದೆ. ಅದರಲ್ಲಿ ಹತ್ತಿ ತುಂಬಿ, ತುಳಿದು, ಬಾಯಿಗೆ ಪ್ಲಾಸ್ಟಿಕ್ ದಾರ ಹೊಲಿದು, ಆಮೇಲೆ ಕೊಡವಿ ಸುರಿದರೆ ಅಂಚಿನ ಎಳೆ ಹತ್ತಿಯೊಳಗೆ ಹೋಗುತ್ತದೆ. ಗೇಣುದ್ದದ ಒಂದು ಎಳೆ ಕಾರ್ಡಿಂಗ್ ಯಂತ್ರದ ಹಲ್ಲಿಗೆ ಸಿಕ್ಕರೆ ಸೀಳಿ ಸೀಳಿ ನೂರಾರು ಸಣ್ಣ ಎಳೆಯಾಗಿ, ಎಷ್ಟೋ ಕಿಲೋಮೀಟರ್ ನೂಲಿನಲ್ಲಿ ಹಂಚಿಹೋಗುತ್ತದೆ. ಹತ್ತಿಯೂ ಬಿಳಿ, ಅದೂ ಬಿಳಿ. ಬಣ್ಣದ ಚೂರನ್ನು ಹಿಡಿಯುವ ಕ್ಯಾಮೆರಾಗಳಿವೆ, ಆದರೆ ಬಿಳಿಯಲ್ಲಿ ಬಿಳಿಯನ್ನು ಹಿಡಿಯುವುದು ಅವಕ್ಕೂ ಕಷ್ಟ. ನೂಲಾಗುವಾಗ ಗೊತ್ತಾಗುವುದಿಲ್ಲ, ಹೆಣೆಯುವಾಗಲೂ ಗೊತ್ತಾಗುವುದಿಲ್ಲ. ಬಣ್ಣ ಹಾಕಿದ ಮೇಲೆ ಬಯಲಾಗುತ್ತದೆ. ಹತ್ತಿಗೆ ಹಾಕುವ ಬಣ್ಣ ಪ್ಲಾಸ್ಟಿಕ್ಕಿಗೆ ಹತ್ತುವುದಿಲ್ಲ. ಕಡುನೀಲಿ ಬಟ್ಟೆಯಲ್ಲಿ ಬಿಳಿ ಗೆರೆ ಹೊಳೆಯುತ್ತದೆ. ಅಷ್ಟು ಹೊತ್ತಿಗೆ ಹತ್ತಿಗೆ, ನೂಲಿಗೆ, ಹೆಣಿಗೆಗೆ, ಬಣ್ಣಕ್ಕೆ ಎಲ್ಲದಕ್ಕೂ ಹಣ ಖರ್ಚಾಗಿರುತ್ತದೆ.

ನಾನಿದ್ದ ಗಿರಣಿಯಲ್ಲಿ ಬೇಲು ಬಿಚ್ಚಿ ಸಾಲಾಗಿ ಕೂತು ಕಸ ಆರಿಸುವ ಹೆಣ್ಣುಮಕ್ಕಳೇ ಒಂದು ಗುಂಪು ಇದ್ದರು. ಅವರು ಆರಿಸಿದ್ದನ್ನು ಸಂಜೆ ತೂಗಿ ಬರೆದಿಡುತ್ತಿದ್ದೆವು. ಅದರಲ್ಲಿ ಒಮ್ಮೊಮ್ಮೆ ಗೊಬ್ಬರದ ಚೀಲದ ಅಕ್ಷರ ಓದಲು ಬರುವಷ್ಟು ದೊಡ್ಡ ಚೂರುಗಳಿರುತ್ತಿದ್ದವು. ತಿರುಪ್ಪೂರಿನಿಂದ ಬಟ್ಟೆ ವಾಪಸು ಬಂದಾಗ ನಷ್ಟ ಗಿರಣಿಯ ಲೆಕ್ಕಕ್ಕೆ ಬೀಳುತ್ತಿತ್ತು. ಆದರೆ ಮುಂದಿನ ಖರೀದಿಯಲ್ಲಿ ಆ ಭಾಗದ ಹತ್ತಿಗೆ ದರ ಕಡಿತವಾಗುತ್ತಿತ್ತು. ಚೀಲ ಯಾರದೋ ಒಬ್ಬರದು, ಕಡಿತ ಎಲ್ಲರಿಗೂ.

ಇನ್ನು ಯೋಚನೆ ಮಾಡಿರಿ. ಆ ಗೊಬ್ಬರದ ಚೀಲ ರೈತನ ಮನೆಗೆ ಬರುವುದು ಎಲ್ಲಿಂದ? ಬಹಳ ಕಡೆ ಊರಿನ ಸಹಕಾರ ಸಂಘದ ಗೋದಾಮಿನಿಂದಲೇ. ಜೂನಿನಲ್ಲಿ ಗೊಬ್ಬರ ತುಂಬಿ ಹೊರಗೆ ಹೋದ ಚೀಲ ನವೆಂಬರಿನಲ್ಲಿ ಹತ್ತಿ ತುಂಬಿಕೊಂಡು ನಿಲ್ಲುತ್ತದೆ. ಆದ್ದರಿಂದ ಪರಿಹಾರವೂ ಅದೇ ಗೋದಾಮಿನಿಂದ ಹೊರಡಬೇಕು.

ಒಂದೇ ಸಮ ಬಣ್ಣ

ಹೆಣೆದ ಬಟ್ಟೆಯಲ್ಲಿ ಅಡ್ಡಡ್ಡ ಪಟ್ಟೆ ಕಾಣುವುದುಂಟು. ಬಣ್ಣ ಒಂದೇ, ಯಂತ್ರ ಒಂದೇ, ಆದರೂ ಒಂದು ಸಾಲು ಗಾಢ, ಒಂದು ಸಾಲು ತಿಳಿ. ಇದಕ್ಕೆ ಒಂದು ದೊಡ್ಡ ಕಾರಣ ಬೇರೆ ಬೇರೆ ಹತ್ತಿಯ ನೂಲುಗಳು ಒಂದೇ ಬಟ್ಟೆಯಲ್ಲಿ ಸೇರುವುದು. ಹತ್ತಿ ಎಳೆಯ ದಪ್ಪ ಮತ್ತು ಬಲಿತ ಮಟ್ಟವನ್ನು ಮೈಕ್ರೋನೇರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 3.7ರಿಂದ 4.2ರ ಒಳಗಿನ ಹತ್ತಿಯನ್ನು ಗಿರಣಿಯವರು ಬಹಳ ಇಷ್ಟಪಡುತ್ತಾರೆ. ಮೂರಕ್ಕಿಂತ ಕೆಳಗಿನದು ಬಹುತೇಕ ಬಲಿಯದ್ದು. ಒಂದು ಕೋನಿನ ಹತ್ತಿ 3.3, ಪಕ್ಕದ ಕೋನಿನದು 4.3 ಆದರೆ ಎರಡೂ ಬಣ್ಣ ಕುಡಿಯುವ ರೀತಿ ಬೇರೆ. ಪಟ್ಟೆ ಏಳುವುದು ಹೀಗೆ.

ಮೊದಲ ಬಿಡಿಸುವಿಕೆಯ ಹತ್ತಿ ಚೆನ್ನಾಗಿ ಬಲಿತಿರುತ್ತದೆ. ಕೊನೆಯದು ನೀರಿಲ್ಲದೆ, ಹುಳದ ಬಾಧೆಯಿಂದ ಸೊರಗಿರುತ್ತದೆ. ನಾವು ಮೂರನ್ನೂ ಒಂದೇ ಮೂಲೆಯಲ್ಲಿ ಸುರಿದು ಮಾರುತ್ತೇವೆ. ಅದರ ಮೇಲೆ, ಒಂದೇ ಊರಿನಲ್ಲಿ ಹತ್ತಾರು ಕಂಪನಿಯ ಬೀಜ. ಧಾರವಾಡದ ಕೃಷಿ ವಿಜ್ಞಾನಿ ಡಾ. ಬಿ. ಎಚ್. ಕತಾರಕಿಯವರು 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಹೈಬ್ರಿಡ್ ಹತ್ತಿ ಕೊಟ್ಟವರು. ತೆಳು ನೂಲಿಗೆ ಹೇಳಿಮಾಡಿಸಿದ ಉದ್ದ ಎಳೆ ಈ ನೆಲದಲ್ಲಿ ಬೆಳೆಯುತ್ತದೆ ಎಂದು ತೋರಿಸಿದವರು ಅವರು. ಉದ್ದ ಎಳೆಯ ಬೆಲೆ ಏನು ಎಂಬುದು ಸರ್ಕಾರದ ಬೆಂಬಲ ಬೆಲೆಯಲ್ಲೂ ಕಾಣುತ್ತದೆ. 2025-26ರ ಹಂಗಾಮಿಗೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಾಲಿಗೆ 7,710 ರೂಪಾಯಿ, ಉದ್ದ ಎಳೆಯದಕ್ಕೆ 8,110 ರೂಪಾಯಿ ಘೋಷಣೆಯಾಯಿತು. ಕ್ವಿಂಟಾಲಿಗೆ 400 ರೂಪಾಯಿಯ ಅಂತರ. ಉದ್ದ ಎಳೆ ಬೆಳೆದು ಗಿಡ್ಡ ಎಳೆಯ ಜೊತೆ ಬೆರೆಸಿ ಮಾರುವುದೆಂದರೆ ಈ ಅಂತರವನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ತೇವದ ಬಗ್ಗೆಯೂ ಒಂದು ಮಾತು. ತೂಕಕ್ಕೆಂದು ನೀರು ಚಿಮುಕಿಸುವ ಕೆಟ್ಟ ಚಾಳಿ ಕೆಲವು ಕಡೆ ಇದೆ. ಒದ್ದೆ ಹತ್ತಿ ಕಾವು ಹಿಡಿದು ಹಳದಿಯಾಗುತ್ತದೆ, ಜಿನ್ನಿನಲ್ಲಿ ಸಿಕ್ಕುಸಿಕ್ಕಾಗಿ ನೆಪ್ ಆಗುತ್ತದೆ. ಭಾರತೀಯ ಹತ್ತಿ ನಿಗಮದವರು ಬೆಂಬಲ ಬೆಲೆಯ ಖರೀದಿಯಲ್ಲಿ ಶೇಕಡಾ 8 ತೇವಕ್ಕೆ ಪೂರ್ತಿ ದರ ಕೊಡುತ್ತಾರೆ. 8ರಿಂದ 12ರ ತನಕ ಕಡಿತ ಮಾಡುತ್ತಾರೆ. 12 ದಾಟಿದರೆ ಮುಟ್ಟುವುದೇ ಇಲ್ಲ. ನೀರಿಗೆ ಯಾರೂ ಹತ್ತಿಯ ದರ ಕೊಡುವುದಿಲ್ಲ.

ಒಬ್ಬರಿಂದ ಆಗದ್ದು, ಸಂಘದಿಂದ ಆಗುವುದು

ಇಷ್ಟೆಲ್ಲ ಕೇಳಿದ ಮೇಲೆ ನಿಮ್ಮಲ್ಲೊಬ್ಬರು ಎದ್ದು ನಿಂತು, "ಸಾಹೇಬ್ರ, ನಾ ಹೋದ ವರ್ಷ ಬಂಗಾರದಂಥ ಹತ್ತಿ ಒಯ್ದಿದ್ದೆ. ಪ್ಯಾಟ್ಯಾಗ ಎಲ್ಲಾರಿಗೂ ಕೊಟ್ಟ ದರಾನ ನನಗೂ ಕೊಟ್ರು. ಮತ್ಯಾಕ ಸ್ವಚ್ಛ ಮಾಡ್ಲಿ?" ಎಂದು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಅದಕ್ಕೆ ಉತ್ತರ ಕೊಡದೆ ಉಪದೇಶ ಮಾಡಿ ಹೋದರೆ ನನ್ನ ಮಾತಿಗೆ ಬೆಲೆ ಇಲ್ಲ.

ಒಂದು ಕ್ವಿಂಟಾಲ್ ಹತ್ತಿಗೆ 33ರಿಂದ 35 ಕಿಲೋ ಅರಳೆ ಬರುತ್ತದೆ. ಒಂದು ಬೇಲು ಅಂದರೆ 170 ಕಿಲೋ ಅರಳೆ. ಅಂದರೆ ಒಂದು ಬೇಲಿಗೆ ಐದು ಕ್ವಿಂಟಾಲ್ ಹತ್ತಿ ಬೇಕು. ಗಿರಣಿಯವನು ಒಂದೆರಡು ಬೇಲು ಕೊಳ್ಳುವುದಿಲ್ಲ, ನೂರು ಬೇಲಿನ ಒಂದೇ ಗುಣದ ರಾಶಿ ಕೇಳುತ್ತಾನೆ. ನಿಮ್ಮ ಹತ್ತು ಕ್ವಿಂಟಾಲ್ ಸ್ವಚ್ಛ ಹತ್ತಿ ಜಿನ್ನಿನ ಅಂಗಳದಲ್ಲಿ ನೂರು ಜನರ ಹತ್ತಿಯ ಜೊತೆ ಬಿದ್ದ ಕ್ಷಣವೇ ಅದರ ಗುರುತು ಅಳಿಸಿಹೋಯಿತು. ಸ್ವಚ್ಛತೆಗೆ ಬೆಲೆ ಸಿಗದಿರುವುದು ಅದಕ್ಕೆ ಬೆಲೆ ಇಲ್ಲವೆಂದಲ್ಲ, ಒಬ್ಬೊಬ್ಬರ ರಾಶಿ ಸಣ್ಣದೆಂದು. ಹನಿಗೂಡಿದರೆ ಹಳ್ಳ. ಐನೂರು ಕ್ವಿಂಟಾಲ್ ಒಂದೇ ಗುಣದ ಹತ್ತಿ ಕೂಡಿಸುವುದು ಒಬ್ಬ ರೈತನಿಂದ ಆಗದು, ಒಂದು ಸಂಘದಿಂದ ಆಗುತ್ತದೆ. ಆದ್ದರಿಂದ ರಜತ ಮಹೋತ್ಸವದ ನೆನಪಿಗೆ ನಿಮ್ಮ ಸಂಘ ಈ ಕೆಲಸಗಳನ್ನು ಕೈಗೆತ್ತಿಕೊಳ್ಳಲಿ ಎಂದು ನನ್ನ ವಿನಂತಿ:

1. ಹತ್ತಿ ಬಟ್ಟೆಯ ಚೀಲಗಳನ್ನು ಹೊಲಿಸಿ, ಠೇವಣಿ ಪಡೆದು ಸದಸ್ಯರಿಗೆ ಎರವಲು ಕೊಡುವುದು. ಹಂಗಾಮು ಮುಗಿದ ಮೇಲೆ ಚೀಲ ತಂದುಕೊಟ್ಟವರಿಗೆ ಠೇವಣಿ ವಾಪಸು. ಹೊಲಿಯುವ ಕೆಲಸ ಊರಿನ ಸ್ತ್ರೀಶಕ್ತಿ ಗುಂಪುಗಳಿಗೆ ಕೊಡಬಹುದು. ಚೀಲದ ಬಾಯಿ ಹೊಲಿಯಲೂ ಹತ್ತಿ ದಾರವನ್ನೇ ಬಳಸುವುದು.

2. ಬಿಡಿಸುವ ತಾಯಂದಿರಿಗೆ ತಲೆಗೆ ಕಟ್ಟಿಕೊಳ್ಳಲು ಬಿಳಿ ಹತ್ತಿ ವಸ್ತ್ರ ಕೊಡುವುದು, ಸ್ವಚ್ಛ ಹತ್ತಿಗೆ ಹೆಚ್ಚಿನ ಕೂಲಿಯನ್ನು ಊರೆಲ್ಲ ಕೂಡಿ ನಿಗದಿ ಮಾಡುವುದು.

3. ಬಿತ್ತನೆಗೆ ಮುಂಚೆ ಸಭೆ ಸೇರಿ, ಒಂದು ಪಟ್ಟಿಯ ಹೊಲಗಳಿಗೆಲ್ಲ ಒಂದೇ ಬೀಜ ಎಂದು ಗೊತ್ತು ಮಾಡಿಕೊಳ್ಳುವುದು.

4. ಗೋದಾಮಿನಲ್ಲಿ ಮೊದಲ, ಎರಡನೆಯ, ಕೊನೆಯ ಬಿಡಿಸುವಿಕೆಗೆ ಬೇರೆ ಬೇರೆ ಕಟ್ಟೆ ಮಾಡಿ, ಹತ್ತಿ ಇರುವ ತನಕ ಅಲ್ಲಿ ಗೊಬ್ಬರ ಇಡದಿರುವುದು.

5. ತೇವ ಅಳೆಯುವ ಒಂದು ಮೀಟರು ಕೊಂಡು, ಸದಸ್ಯರ ಕಣ್ಣೆದುರೇ ಅಳೆದು ಚೀಟಿ ಬರೆದುಕೊಡುವುದು.

6. ಜಿನ್ನಿನವರೊಡನೆ ಮಾತಾಡಿ, ಅಂಗಳ ಗುಡಿಸಿ, ಸಂಘದ ಹತ್ತಿಯನ್ನು ಬೇರೆಯಾಗಿ ಬಿಡಿಸಿ ಬೇಲು ಕಟ್ಟಿಸುವುದು. ಮುಂಬಯಿಯ ಹತ್ತಿ ತಂತ್ರಜ್ಞಾನ ಸಂಸ್ಥೆ ಸಿರ್ಕಾಟ್‌ನ ಪ್ರಾದೇಶಿಕ ಘಟಕ ಧಾರವಾಡದಲ್ಲಿದೆ. ಅರಳೆಯ ಮಾದರಿಯನ್ನು ಪರೀಕ್ಷೆ ಮಾಡಿಸಿ, ಉದ್ದ, ಬಲ, ಮೈಕ್ರೋನೇರ್ ಬರೆದ ವರದಿಯನ್ನು ಕೈಯಲ್ಲಿ ಹಿಡಿದು ಗಿರಣಿಯವರೊಡನೆ ಮಾತಿಗೆ ಕೂರುವುದು.

7. ಬಂದ ಹಣವನ್ನು ದರ್ಜೆಗೆ ತಕ್ಕಂತೆ ಹಂಚಿ, ಲೆಕ್ಕವನ್ನು ಸಂಘದ ಹಲಗೆಯ ಮೇಲೆ ಬರೆಯುವುದು. ಅಧ್ಯಕ್ಷರ ಹತ್ತಿಯೇ ಇರಲಿ, ಎಕರೆ ಹೊಲದ ವಿಧವೆ ತಾಯಿಯ ಹತ್ತಿಯೇ ಇರಲಿ, ದರ್ಜೆ ಕಟ್ಟುವಾಗ ಮುಖ ನೋಡಬಾರದು. ಇಲ್ಲಿ ತಪ್ಪಿದರೆ ಮೇಲಿನ ಆರೂ ಕೆಲಸ ವ್ಯರ್ಥ.

ಮೊದಲ ವರ್ಷವೇ ಹೆಚ್ಚು ದರ ಬಂದೇ ಬರುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಗಿರಣಿಯವನು ಒಂದು ವರ್ಷ ನೋಡುತ್ತಾನೆ, ಎರಡನೇ ವರ್ಷ ಮತ್ತೆ ಪರೀಕ್ಷಿಸುತ್ತಾನೆ. ಹೆಸರು ಗಳಿಸಲು ಹೊತ್ತು ಬೇಕು, ಕಳೆಯಲು ಒಂದು ಗೊಬ್ಬರದ ಚೀಲ ಸಾಕು. ಆದರೆ ಸ್ವಚ್ಛ ಹತ್ತಿಗೆ ಕಾಲ ಬರುತ್ತಿದೆ. ಹತ್ತಿಯ ತಾಂತ್ರಿಕ ಅಭಿಯಾನವನ್ನು ಕೇಂದ್ರ ಸರ್ಕಾರ 2000ದಲ್ಲಿ ಶುರುಮಾಡಿ ಮಾರುಕಟ್ಟೆ ಅಂಗಳ, ಜಿನ್ನುಗಳನ್ನು ಸುಧಾರಿಸಲು ನೆರವು ಕೊಟ್ಟಿತು. 2020ರ ಅಕ್ಟೋಬರ್ 7ರಂದು, ವಿಶ್ವ ಹತ್ತಿ ದಿನ, ಭಾರತದ ಹತ್ತಿಗೆ 'ಕಸ್ತೂರಿ' ಎಂಬ ಹೆಸರು ಮುದ್ರೆಯನ್ನು ಘೋಷಿಸಲಾಯಿತು. ಕೊಳ್ಳುವವನು ಈಗ ಕೇಳುವುದು ಇದು ಯಾವ ಊರಿನ ಹತ್ತಿ, ಯಾರು ಬೆಳೆದದ್ದು ಎಂದು. ಅದಕ್ಕೆ ಪುಸ್ತಕ ತೆರೆದು ಉತ್ತರ ಹೇಳಬಲ್ಲದ್ದು ಲೆಕ್ಕ ಸರಿಯಾಗಿಟ್ಟ ಒಂದು ಸಹಕಾರ ಸಂಘ ಮಾತ್ರ. ಇಪ್ಪತ್ತೈದು ವರ್ಷ ಸಾಲದ ಲೆಕ್ಕ, ಗೊಬ್ಬರದ ಲೆಕ್ಕ ಸರಿಯಾಗಿ ಇಟ್ಟ ನಿಮಗೆ ಹತ್ತಿಯ ಲೆಕ್ಕ ಇಡುವುದು ಭಾರವಲ್ಲ.

ಹಂಗಾಮು ಹತ್ತಿರ ಬಂದಿದೆ, ಚೀಲ ಹೊಲಿಸುವ ಠರಾವನ್ನು ಮುಂದಿನ ತಿಂಗಳ ಸಭೆಗೆ ಮುಂದೂಡದೆ ಈ ವಾರವೇ ಮಾಡಿರಿ. ನಿಮ್ಮ ಸಂಘ ಸುವರ್ಣ ಮಹೋತ್ಸವ, ವಜ್ರ ಮಹೋತ್ಸವಗಳನ್ನೂ ಕಾಣಲಿ, ನಿಮ್ಮೂರ ಹತ್ತಿಯ ಹೆಸರು ಹೇಳಿದರೆ ಗಿರಣಿಯವರು ಚೀಲ ಬಿಚ್ಚದೆಯೇ ದರ ಹೇಳುವಂತಾಗಲಿ ಎಂದು ಹಾರೈಸುತ್ತೇನೆ.